ಸಹಾಯ ಬೇಕು: ವಿಮಾನದಿಂದ ಕಾರವಾರದ ಕಡಲು ಕಾಣಲು ಯಾವ ಬದಿಯ ಕಿಟಕಿ?

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರವಾರ. ಡಿಸೆಂಬರ್‌ನಲ್ಲಿ ಅಪ್ಪನನ್ನು ಗೋವಾದ ದಾಬೋಲಿಂನಿಂದ ಬೆಂಗಳೂರಿಗೆ ವಿಮಾನದಲ್ಲಿ ಕರೆದುಕೊಂಡು ಹೋಗುತ್ತಿದ್ದೇನೆ. ಅವರಿಗೆ ಇದು ಮೊದಲ ವಿಮಾನ. ನಲವತ್ತು ವರ್ಷ ದೋಣಿಯಲ್ಲಿ ದುಡಿದವರು. ಕೂರ್ಮಗಡ ದ್ವೀಪ, ದೇವಗಡದ ದೀಪಸ್ತಂಭ, ಕಾಳಿ ನದಿ ಕಡಲು ಸೇರುವ ಅಳಿವೆ, ಎಲ್ಲವನ್ನೂ ನೀರಿನ ಮಟ್ಟದಿಂದಲೇ ನೋಡಿದವರು. ಟಿಕೆಟ್ ತೋರಿಸಿದ ದಿನ ಅಂಗೈ ಮೇಲೆ ಬೆರಳಿನಿಂದ ಅಳಿವೆಯ ಗೆರೆ ಎಳೆದು, "ಮೇಲಿನಿಂದ ಹೀಗೇ ಕಾಣುತ್ತದೆಯೇ?" ಎಂದು ಕೇಳಿದರು. ಅವರಿಗೆ ಅದನ್ನು ತೋರಿಸಲೇಬೇಕು.

ಬೆಂಗಳೂರು ಗೋವಾದ ಆಗ್ನೇಯಕ್ಕಿದೆ. ಹಾಗಾಗಿ ನಮ್ಮ ಕರಾವಳಿ ಬಲಗಡೆ ಉಳಿಯಬೇಕು, ಅಂದರೆ ಎಫ್ ಆಸನ. ಸಂಜೆಯಾದರೆ ಆ ಬದಿಗೇ ಬಿಸಿಲು ಹೊಡೆಯುತ್ತದೆ ಎಂದು ಬೆಳಗಿನ ವಿಮಾನ ಹಿಡಿದಿದ್ದೇನೆ. ನನ್ನ ಲೆಕ್ಕ ಸರಿಯೇ? ಕಾರವಾರದ ಕೊಲ್ಲಿ ನಿಜಕ್ಕೂ ಕಾಣುತ್ತದೆಯೇ, ಅಥವಾ ವಿಮಾನ ಬೇಗನೆ ಘಟ್ಟದ ಕಡೆ ತಿರುಗಿಬಿಡುತ್ತದೆಯೇ? ಈ ದಾರಿಯಲ್ಲಿ ಕಿಟಕಿ ಪಕ್ಕ ಕುಳಿತವರು ದಯವಿಟ್ಟು ಹೇಳಿ.

ಸಾಲಿನದೂ ಚಿಂತೆ. ಹಿಂದೊಮ್ಮೆ ಹೆಚ್ಚುವರಿ ಹಣ ಕೊಟ್ಟು ಕಿಟಕಿ ಹಿಡಿದರೆ ದಾರಿಯುದ್ದಕ್ಕೂ ಕಂಡಿದ್ದು ರೆಕ್ಕೆ ಮತ್ತು ಅದರ ಮೇಲಿನ ಮೊಳೆಗಳ ಸಾಲು. ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನವಾಗಿದ್ದರೆ ರೆಕ್ಕೆ ಕಿಟಕಿಗಿಂತ ಮೇಲಿರುತ್ತದೆ, ಆದರೆ ನಮ್ಮದು ಏರ್‌ಬಸ್ ಎ320. ರೆಕ್ಕೆಗಿಂತ ಮುಂದಿನ ಸಾಲು ಒಳ್ಳೆಯದೋ, ತೀರಾ ಹಿಂದಿನದೋ? ಈ ವಾರವೇ ಆಸನ ಆರಿಸಬೇಕು.