ಸಹಾಯ ಬೇಕು: 13 ವರ್ಷದ ಮಗನ ಎದೆಯಲ್ಲಿ ಗಂಟು, ಇನ್ನೂ ಕಾಯಬೇಕಾ?

ಎಲ್ಲರಿಗೂ ನಮಸ್ಕಾರ. ಮಗ ಎಂಟನೇ ಕ್ಲಾಸಿನಲ್ಲಿದ್ದಾನೆ. ಏಳು ತಿಂಗಳ ಹಿಂದೆ, "ಅಮ್ಮಾ, ಬ್ಯಾಗಿನ ಪಟ್ಟಿ ತಗುಲಿದರೂ ಇಲ್ಲಿ ನೋಯುತ್ತೆ" ಅಂದ. ಬಲಗಡೆ ಮೊಲೆತೊಟ್ಟಿನ ಕೆಳಗೆ ಹುಣಸೆ ಬೀಜದಷ್ಟು ಗಟ್ಟಿ ಗಂಟು. ನನಗೆ ಕೈಕಾಲೇ ಆಡಲಿಲ್ಲ. ಗಂಡುಮಕ್ಕಳಿಗೂ ಹೀಗಾಗುತ್ತೆ ಅಂತ ಯಾರೂ ಹೇಳಿರಲಿಲ್ಲ.

ಮನೆಯಲ್ಲಿ ಹಿರಿಯರು ಹೇಳಿದರು ಅಂತ ಬೆಚ್ಚಗಿನ ಎಣ್ಣೆ ಹಚ್ಚಿ ತಿಕ್ಕಿದೆವು. ನೋವು ಜಾಸ್ತಿಯಾಯಿತು, ಬಿಟ್ಟೆವು. ಆಮೇಲೆ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಅವರು ಪೂರ್ತಿ ಪರೀಕ್ಷೆ ಮಾಡಿ, ಯಾವುದಾದರೂ ಮಾತ್ರೆ ತಗೊಳ್ತಾನಾ ಅಂತಲೂ ಕೇಳಿದರು. ಇದಕ್ಕೆ ಗೈನೆಕೊಮಾಸ್ಟಿಯಾ ಅಂತಾರಂತೆ. ಪ್ರಾಯಕ್ಕೆ ಬರುವಾಗ ಈಸ್ಟ್ರೊಜನ್, ಟೆಸ್ಟೊಸ್ಟೆರಾನ್ ಅನ್ನೋ ಹಾರ್ಮೋನುಗಳು ಸ್ವಲ್ಪ ದಿನ ಏರುಪೇರಾಗಿ ಬಹಳ ಹುಡುಗರಿಗೆ ಹೀಗಾಗುತ್ತೆ, ಹೆಚ್ಚಿನವರಿಗೆ 6 ತಿಂಗಳಿಂದ 2 ವರ್ಷದೊಳಗೆ ತಾನಾಗೇ ಕರಗುತ್ತೆ, ಔಷಧಿ ಬೇಡ ಅಂದರು. ಸಮಾಧಾನವಾಯಿತು.

ಆದರೆ ಈಗ ಎಡಗಡೆಯೂ ಶುರುವಾಗಿದೆ. ಬಲಗಡೆಯದು ಎರಡು ರೂಪಾಯಿ ನಾಣ್ಯದಷ್ಟಾಗಿದೆ. ರಸ, ರಕ್ತ ಏನೂ ಬರುತ್ತಿಲ್ಲ, ಚರ್ಮವೂ ಸರಿಯಾಗಿದೆ. ಮಗನೇ ಕುಗ್ಗಿಹೋಗಿದ್ದಾನೆ. ಈ ಸೆಕೆಯಲ್ಲೂ ಬನಿಯನ್ ಮೇಲೆ ಎರಡು ಶರ್ಟ್ ಹಾಕುತ್ತಾನೆ. ಈಜಲು ಹೋಗೋದನ್ನೂ ಬಿಟ್ಟ. ಅದು ನೋಡಿದರೆ ಹೊಟ್ಟೆ ಉರಿಯುತ್ತೆ.

ನನಗೆ ಗೊತ್ತಾಗದೇ ಇರೋದು ಇಷ್ಟೇ. ಒಂದು ಕಡೆ ಇದ್ದದ್ದು ಎರಡೂ ಕಡೆ ಆದರೆ ಅದೂ ಮಾಮೂಲಿನಾ? ಎರಡು ವರ್ಷ ಸುಮ್ನೆ ಕಾಯೋದಾ, ಇಲ್ಲ ಈಗಲೇ ಹಾರ್ಮೋನ್ ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸೋದಾ? ನಿಮ್ಮ ಮಕ್ಕಳಿಗೆ ಹೀಗಾಗಿದ್ದರೆ, ಅಥವಾ ಇಲ್ಲಿ ಡಾಕ್ಟರ್ ಯಾರಾದರೂ ಇದ್ದರೆ, ದಯವಿಟ್ಟು ಹೇಳಿ.