ಸಹಾಯ ಬೇಕು: ಫ್ಲೈಟ್‌ಗೇರ್‌ಗೆ ನಮ್ಮ ಹಂಸ-3

ನಮಸ್ಕಾರ. ಫ್ಲೈಟ್‌ಗೇರ್ ಅನ್ನೋ ಓಪನ್ ಸೋರ್ಸ್ ವಿಮಾನ ಸಿಮ್ಯುಲೇಟರ್‌ಗೆ ಹಂಸ-3ರ ಮಾದರಿ ಮಾಡ್ತಿದ್ದೇನೆ. ಇದು ಬೆಂಗಳೂರಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ರೂಪಿಸಿದ, ಎರಡು ಸೀಟಿನ ತರಬೇತಿ ವಿಮಾನ. ನಮ್ಮಲ್ಲೇ ಹುಟ್ಟಿದ ವಿಮಾನವನ್ನು ಮಕ್ಕಳು ಮನೆಯ ಕಂಪ್ಯೂಟರಲ್ಲೇ ಹಾರಿಸಬೇಕು ಅನ್ನೋದು ನನ್ನ ಬಹುದಿನದ ಆಸೆ.

ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಹೊರಮೈ ಮುಗಿದಿದೆ. ತೊಡಕಿರೋದು ಹಾರಾಟದ ಲೆಕ್ಕದಲ್ಲಿ. ಫ್ಲೈಟ್‌ಗೇರ್‌ನಲ್ಲಿ ಹಾರಾಟದ ಲೆಕ್ಕ ಮಾಡೋ ಜೆಎಸ್‌ಬಿಸಿಮ್ ಅನ್ನೋ ಪ್ರೋಗ್ರಾಂಗೆ ಲಿಫ್ಟ್ (ಮೇಲೆತ್ತುವ ಬಲ), ಡ್ರ್ಯಾಗ್ (ಗಾಳಿಯ ತಡೆ), ಪಿಚ್ (ಮೂತಿಯ ಏರಿಳಿತ) ಎಲ್ಲವನ್ನೂ ಎಕ್ಸ್‌ಎಂಎಲ್ ಫೈಲಿನಲ್ಲಿ ಬರೆದು ಕೊಡಬೇಕು. ಈಗ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಮಡಚುವ ಭಾಗ) ಇಳಿಸಿದ ಕೂಡಲೇ ಮೂತಿ ಜೋರಾಗಿ ಮೇಲೇಳುತ್ತೆ, ಮೂತಿಯನ್ನು ಸಮವಾಗಿ ನಿಲ್ಲಿಸೋ ಟ್ರಿಮ್ ಪೂರ್ತಿ ತಿರುಗಿಸಿದರೂ ಹತೋಟಿಗೆ ಬರಲ್ಲ. ಫ್ಲ್ಯಾಪ್‌ನ ಪಿಚಿಂಗ್ ಮೊಮೆಂಟ್‌ಗೆ (ಮೂತಿಯನ್ನು ಮೇಲೆ-ಕೆಳಗೆ ತಿರುಗಿಸೋ ಬಲಕ್ಕೆ) ಕೊಟ್ಟ ಸಂಖ್ಯೆಯ ಮೇಲೇ ನನ್ನ ಅನುಮಾನ.

ಫ್ಲೈಯಿಂಗ್ ಕ್ಲಬ್‌ನಲ್ಲಿ ಹಂಸ ಹಾರಿಸಿದವರು ಇಲ್ಲಿ ಯಾರಾದರೂ ಇದ್ದೀರಾ? ಫ್ಲ್ಯಾಪ್ ಇಳಿಸಿದಾಗ ಸ್ಟಿಕ್ ಯಾವ ಕಡೆ ಎಳೆಯುತ್ತೆ, ಸ್ಟಾಲ್‌ಗೆ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳೋದಕ್ಕೆ) ಮುಂಚೆ ನಡುಕ ಗೊತ್ತಾಗುತ್ತಾ, ಇಷ್ಟು ಹೇಳಿದರೂ ದೊಡ್ಡ ಉಪಕಾರ. ಜೆಎಸ್‌ಬಿಸಿಮ್ ಬಲ್ಲವರು ದಯವಿಟ್ಟು ಕಾಮೆಂಟ್ ಮಾಡಿ, ಫೈಲ್ ಕಳಿಸ್ತೇನೆ.