ಪೇಟೆ ಬೀದಿಯ ಹಬ್ಬದ ದೀಪಕ್ಕೆ ದುಡ್ಡು ಎಲ್ಲಿಂದ? ಕೇಳಿ, ಹೇಳುತ್ತೇನೆ

ನಮಸ್ಕಾರ. ಹದಿನೈದು ವರ್ಷ ಒಂದು ವರ್ತಕರ ಸಂಘದ ಕಚೇರಿ ನೋಡಿಕೊಂಡವಳು ನಾನು. ಹಬ್ಬದ ಸೀಸನ್ನಿನ ದೀಪಾಲಂಕಾರದ ಲೆಕ್ಕ, ಚಂದಾ, ಪ್ರಾಯೋಜಕರು, ಕಂಟ್ರಾಕ್ಟರ್ ಜೊತೆ ಜಗಳ, ಕೊನೆಗೆ ಎಲ್ಲ ಬಿಚ್ಚಿ ಗೋದಾಮಿಗೆ ಸೇರಿಸುವುದು, ಎಲ್ಲ ನನ್ನ ಪಾಲಿಗೇ ಬರುತ್ತಿತ್ತು. ಈಗ ಬೇರೆ ಸಂಘಗಳಿಗೆ ಇದೇ ವಿಷಯದಲ್ಲಿ ಸಲಹೆ ಕೊಡುತ್ತೇನೆ. ಸಂಕೋಚ ಬೇಡ, ಕೇಳಿ.

ಪ್ರಶ್ನೆ (ಸಂಘದ ಹೊಸ ಖಜಾಂಚಿ): ಮೇಡಂ, ಈ ಸಲ ಖಜಾಂಚಿ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ನಮ್ಮ ಬೀದಿಯಲ್ಲಿ 40 ಅಂಗಡಿ. ಪ್ರತಿ ವರ್ಷ ರಸೀದಿ ಪುಸ್ತಕ ಹಿಡಿದು ಮನೆಮನೆ ಭಿಕ್ಷೆಯ ಹಾಗೆ ಅಂಗಡಿ ಅಂಗಡಿ ಸುತ್ತುತ್ತೇವೆ. ಅರ್ಧ ಜನ "ನಾಳೆ ಬನ್ನಿ" ಅಂತಾರೆ. ದೀಪ ಹತ್ತಿದ ಮೇಲೆ ಅವರ ಅಂಗಡಿ ಮುಂದೆಯೂ ಬೆಳಕು ಬೀಳುತ್ತದೆ, ಅವರು ಆರಾಮ. ಇದಕ್ಕೆ ದಾರಿ ಇದೆಯಾ?

ಉತ್ತರ: ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು, ಅಲ್ವಾ? ಬೀದಿ ದೀಪದ ಗುಣವೇ ಅದು. ದುಡ್ಡು ಕೊಡದವನ ಅಂಗಡಿ ಮುಂದೆ ಮಾತ್ರ ಕತ್ತಲು ಮಾಡೋಕೆ ಆಗಲ್ಲ. ಮಾಡಿದರೆ ಇಡೀ ಬೀದಿ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ. ನಾವು ಒಂದು ವರ್ಷ ಸಿಟ್ಟಿನಲ್ಲಿ ಹಾಗೇ ಮಾಡಿದ್ದೆವು. ನೋಡಿದವರು ಸಂಘವನ್ನೇ ಬೈದರು.

ನಿಮ್ಮ ತೊಂದರೆ ಜನರ ಜಿಪುಣತನ ಅಲ್ಲ. ನೀವು ಕೇಳುವ ರೀತಿ. ಹಬ್ಬದ ಹೊಸ್ತಿಲಲ್ಲಿ ಹೋಗಿ "ನಿಮಗೆ ತೋಚಿದಷ್ಟು ಕೊಡಿ" ಅಂದರೆ ಅದು ದಾನ. ದಾನಕ್ಕೆ ಮನಸ್ಸು ಬೇಕು, ಆ ದಿನ ಗಲ್ಲಾಪೆಟ್ಟಿಗೆಯಲ್ಲಿ ದುಡ್ಡೂ ಇರಬೇಕು. ಅದರ ಬದಲು ವರ್ಷದ ಸಭೆಯಲ್ಲೇ ಪಾಲು ಗೊತ್ತು ಮಾಡಿ, ಸಂಘದ ಸದಸ್ಯತ್ವದ ಶುಲ್ಕದಲ್ಲೇ ಸೇರಿಸಿ, ತಿಂಗಳು ತಿಂಗಳು ಅಥವಾ ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳಿ. ಸಣ್ಣ ಮೊತ್ತ ಯಾರಿಗೂ ಕಣ್ಣಿಗೆ ಹೊಡೆಯಲ್ಲ.

ಪಾಲು ಹೇಗೆ ಹಾಕೋದು ಅಂದರೆ ನಾನು ಹೀಗೆ ಮಾಡುತ್ತಿದ್ದೆ. ಒಟ್ಟು ಖರ್ಚು 100 ಪಾಲು ಅಂದುಕೊಳ್ಳಿ. ಅದರಲ್ಲಿ 40 ಪಾಲು ಎಲ್ಲರಿಗೂ ಸಮ, ಅಂದರೆ ಅಂಗಡಿಗೆ ಒಂದು. ಉಳಿದ 60 ಪಾಲು ಅಂಗಡಿಯ ಮುಂಭಾಗದ ಅಳತೆಯ ಮೇಲೆ. ಇಡೀ ಬೀದಿಯ ಅಂಗಡಿಗಳ ಮುಂಭಾಗ ಸೇರಿ 800 ಅಡಿ ಇದ್ದರೆ ಅಡಿಗೆ 0.075 ಪಾಲು. ಆಗ 10 ಅಡಿಯ ಸಣ್ಣ ಅಂಗಡಿಗೆ ಒಟ್ಟು 1.75 ಪಾಲು, 60 ಅಡಿಯ ಶೋರೂಮಿಗೆ 5.5 ಪಾಲು. ಟೇಪು ಹಿಡಿದು ನೀವೇ ಅಳೆಯಿರಿ, ಜೊತೆಗೆ ತಕರಾರು ಮಾಡುವವರನ್ನೇ ಕರೆದುಕೊಂಡು ಹೋಗಿ. ಟೇಪಿನ ಇನ್ನೊಂದು ತುದಿ ಅವರ ಕೈಗೆ ಕೊಟ್ಟರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಪ್ರಶ್ನೆ (ಶೋರೂಮ್ ಮಾಲೀಕರು): ಆ 60 ಅಡಿಯವರು ನಾವೇ ಅಂದುಕೊಳ್ಳಿ. ನಮ್ಮ ಕಟ್ಟಡಕ್ಕೆ ನಾವೇ ಬೇರೆ ದೀಪ ಹಾಕಿಸುತ್ತೇವೆ. ಬೀದಿಗೂ ಮೂರು ಪಟ್ಟು ಕೊಡಬೇಕು ಅಂದರೆ ಯಾವ ನ್ಯಾಯ?

ಉತ್ತರ: ನಿಮ್ಮ ಮಾತಿನಲ್ಲೂ ಹುರುಳಿದೆ ಸರ್. ನಿಮ್ಮ ಕಟ್ಟಡದ ದೀಪ ಬೀದಿಯ ವಿನ್ಯಾಸಕ್ಕೆ ಹೊಂದುವ ಹಾಗಿದ್ದರೆ ಸಂಘ ಅದರಲ್ಲಿ ಸ್ವಲ್ಪ ರಿಯಾಯಿತಿ ಕೊಡಬಹುದು. ನಾವು ಕೊಟ್ಟಿದ್ದೇವೆ. ಆದರೆ ಒಂದು ಮಾತು. ಜನ ನಿಮ್ಮ ಒಂದೇ ಅಂಗಡಿ ನೋಡೋಕೆ ಪೇಟೆಗೆ ಬರಲ್ಲ, ಬೀದಿ ನೋಡೋಕೆ ಬರುತ್ತಾರೆ, ಬಂದವರು ದೊಡ್ಡ ಗಾಜಿನ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಾರೆ. ಆ ದೊಡ್ಡ ಗಾಜು ನಿಮ್ಮದು.

ಇದು ಹೊಸ ಜಗಳವೂ ಅಲ್ಲ. ಕೆನಡಾದ ಟೊರಾಂಟೊ ನಗರದ ಬ್ಲೂರ್ ವೆಸ್ಟ್ ವಿಲೇಜ್ ಪೇಟೆಯಲ್ಲಿ ಇದೇ ಆಗಿತ್ತು. ಒಂದು ಕಡೆ ಹೊಸ ಮಾಲ್‌ಗಳು, ಇನ್ನೊಂದು ಕಡೆ 1968ರಲ್ಲಿ ಅಲ್ಲಿಗೆ ಬಂದ ಸುರಂಗ ರೈಲು. ಮೊದಲು ರಸ್ತೆ ಮೇಲಿನ ಟ್ರಾಮ್‌ನಲ್ಲಿ ಕೂತವರಿಗೆ ಅಂಗಡಿ ಕಾಣುತ್ತಿತ್ತು. ಅವರೆಲ್ಲ ನೆಲದಡಿಗೆ ಇಳಿದುಬಿಟ್ಟರು. ಪೇಟೆ ಚೆಂದ ಮಾಡೋಣ ಅಂದರೆ ಕೆಲವರು ದುಡ್ಡು ಕೊಡುವುದು, ಉಳಿದವರು ಸುಮ್ನೆ ಲಾಭ ತಿನ್ನುವುದು. ಕೊನೆಗೆ 1970ರಲ್ಲಿ, ಆ ಪ್ರದೇಶದ ಎಲ್ಲ ವ್ಯಾಪಾರಿಗಳೂ ಕಡ್ಡಾಯವಾಗಿ ಪಾಲು ಕೊಡುವ ಕಾನೂನಿನ ವ್ಯವಸ್ಥೆ ಬಂತು. ವಸೂಲಿ ಮಾಡುವುದು ನಗರಸಭೆ, ಖರ್ಚು ಹೇಗೆ ಅಂತ ತೀರ್ಮಾನಿಸುವುದು ವ್ಯಾಪಾರಿಗಳು. ಈ ತರಹದ್ದರಲ್ಲಿ ಜಗತ್ತಿನಲ್ಲೇ ಮೊದಲನೆಯದು ಅಂತ ಹೆಸರು ಅದಕ್ಕೆ. ನಿಮ್ಮ ಊರಿನ ಕಾನೂನಿನಲ್ಲಿ ಅಂಥ ಅವಕಾಶ ಇದ್ದರೆ ಮೊದಲು ಅದನ್ನು ಹಿಡಿಯಿರಿ. ಇಲ್ಲದಿದ್ದರೆ ನಮ್ಮ ಟೇಪೇ ಗತಿ.

ಪ್ರಶ್ನೆ (ಮೊದಲ ಮಹಡಿಯ ದಂತ ವೈದ್ಯರು): ಹಲ್ಲು ನೋವು ಬಂದವರು ದೀಪ ನೋಡಿಕೊಂಡು ಬರಲ್ಲ. ನಾನೂ ಕೊಡಬೇಕಾ?

ಉತ್ತರ: ಸಮ ಪಾಲು ಮಾತ್ರ ಕೊಡಿ ಡಾಕ್ಟ್ರೇ, ಅಡಿ ಲೆಕ್ಕ ನಿಮಗೆ ಬೇಡ. ಇನ್ನೊಂದು, ನಿಮ್ಮ ಕಟ್ಟಡದ ಮಾಲೀಕರನ್ನೂ ಕೇಳಬೇಕು. ಪೇಟೆ ಚೆನ್ನಾಗಿದ್ದರೆ ಬಾಡಿಗೆ ಏರುವುದು ಅವರಿಗೆ. ಖಾಲಿ ಅಂಗಡಿಗಳ ಪಾಲನ್ನೂ ಅವರಿಂದಲೇ ಕೇಳಿ. ಎಲ್ಲರೂ ಮರೆಯುವ ಜಾಗ ಇದು.

ಪ್ರಶ್ನೆ (ಪುಸ್ತಕದ ಅಂಗಡಿ): ಯಾರಾದರೂ ದೊಡ್ಡ ಪ್ರಾಯೋಜಕರು ಸಿಕ್ಕರೆ ಈ ಚಂದಾ ತಲೆನೋವೇ ಬೇಡ ಅಲ್ವಾ?

ಉತ್ತರ: ಪ್ರಾಯೋಜಕರು ನಕ್ಷತ್ರಕ್ಕೆ ದುಡ್ಡು ಕೊಡುತ್ತಾರೆ, ಕರೆಂಟಿನ ವೈರ್‌ಗೆ ಕೊಡಲ್ಲ. ಇದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ. ಸರ್ಕಲ್ಲಿನ ದೊಡ್ಡ ಮರ, ಬೀದಿ ಬಾಗಿಲ ಕಮಾನು, ಫೋಟೋ ತೆಗೆಸಿಕೊಳ್ಳುವ ಜಾಗ, ಇವಕ್ಕೆ ಹೆಸರು ಹಾಕಿಸಿಕೊಳ್ಳೋಕೆ ಬರುತ್ತಾರೆ. ಜಂಕ್ಷನ್ ಬಾಕ್ಸು, ಟೈಮರ್, ಏಣಿ ಗಾಡಿಯ ಬಾಡಿಗೆ, ವಿಮೆ, ಮಧ್ಯರಾತ್ರಿ ಕೆಟ್ಟು ಹೋದರೆ ಬರುವ ಎಲೆಕ್ಟ್ರಿಷಿಯನ್, ಇವುಗಳ ಮೇಲೆ ಯಾರ ಹೆಸರೂ ಚೆಂದ ಕಾಣಲ್ಲ. ಅವಕ್ಕೆ ನಿಮ್ಮ ಚಂದಾನೇ ಬೇಕು.

ನನ್ನದೇ ತಪ್ಪು ಹೇಳುತ್ತೇನೆ. ಒಬ್ಬ ಪ್ರಾಯೋಜಕರು ಮೂರು ವರ್ಷ ಕೊಡುತ್ತೇವೆ ಅಂತ ಬಾಯಿಮಾತಲ್ಲಿ ಒಪ್ಪಿದರು. ನಾನು ಖುಷಿಯಲ್ಲಿ ಎಲ್ಲ ಕಂಬದ ಫ್ರೇಮಿನ ಮೇಲೂ ಅವರ ಹೆಸರನ್ನು ಪೇಂಟ್ ಮಾಡಿಸಿಬಿಟ್ಟೆ. ಎರಡನೇ ವರ್ಷ ಅವರು ಕೈ ಎತ್ತಿದರು. ಹಬ್ಬಕ್ಕೆ ಹತ್ತು ದಿನ ಇರುವಾಗ ಇಬ್ಬರು ಹುಡುಗರು ಕಚೇರಿ ಅಂಗಳದಲ್ಲಿ ಕೂತು ಥಿನ್ನರ್ ಹಾಕಿ ಒಂದೊಂದೇ ಅಕ್ಷರ ಉಜ್ಜುತ್ತಿದ್ದರು. ಹೆಸರು ಹೋಯಿತು, ಅದರ ನೆರಳು ಹೋಗಲಿಲ್ಲ. ಆ ವರ್ಷ ಪೂರ್ತಿ ದುಡ್ಡು ಕೊಡದವರಿಗೆ ಪುಕ್ಕಟೆ ಜಾಹೀರಾತು.

ಅವತ್ತಿನಿಂದ ಹೆಸರು ಯಾವಾಗಲೂ ಕಳಚಿ ತೆಗೆಯುವ ಪ್ರತ್ಯೇಕ ಹಲಗೆಯ ಮೇಲೆ. ಕರಾರು ಕಾಗದದಲ್ಲಿ. ಎಷ್ಟು ವರ್ಷ, ಹೆಸರಿನ ಅಳತೆ ಎಷ್ಟು, ಅದೇ ವ್ಯಾಪಾರದ ಇನ್ನೊಬ್ಬರನ್ನು ತೆಗೆದುಕೊಳ್ಳಬಹುದಾ ಇಲ್ಲವಾ, ವಸ್ತು ಕೊನೆಗೆ ಯಾರದ್ದು, ಇಷ್ಟು ಇರಲೇಬೇಕು. ದುಡ್ಡು ಖಾತೆಗೆ ಬಂದ ಮೇಲೆಯೇ ಕಂಟ್ರಾಕ್ಟರಿಗೆ ಆರ್ಡರ್ ಕೊಡಿ.

ಸಣ್ಣ ದುಡ್ಡನ್ನೂ ಕಡೆಗಣಿಸಬೇಡಿ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸೆಂಟರ್ ಮರ ಇವತ್ತು ಜಗತ್ಪ್ರಸಿದ್ಧ. 1931ರಲ್ಲಿ ಅಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದ ಕೂಲಿಗಳು ತಮ್ಮ ತಮ್ಮಲ್ಲೇ ಕಾಸು ಕೂಡಿಸಿ 20 ಅಡಿಯ ಮರ ತಂದು ನಿಲ್ಲಿಸಿದರು. ಮನೆಯವರು ಕೈಯಲ್ಲಿ ಮಾಡಿದ ಹಾರಗಳೇ ಅಲಂಕಾರ. ಅದೇ ಮೊದಲು.

ಪ್ರಶ್ನೆ (ಸಂಘದ ಕಾರ್ಯದರ್ಶಿ): ಕೊಂಡುಕೊಳ್ಳೋದಾ, ಬಾಡಿಗೆಗೆ ತರೋದಾ? ನಮ್ಮಲ್ಲಿ ಇಬ್ಬರು ಇದಕ್ಕೇ ಮಾತು ಬಿಟ್ಟಿದ್ದಾರೆ.

ಉತ್ತರ: ಒಣ ಗೋದಾಮು ಇದೆಯಾ? ಇಲ್ಲ ಅಂದರೆ ಬಾಡಿಗೆ. ಮುಗಿಯಿತು.

ಇದೆ ಅಂದರೆ ಮಾತ್ರ ಮುಂದಿನ ಲೆಕ್ಕ. ಆನೆ ತರುವುದು ಸುಲಭ, ಸಾಕುವುದು ಕಷ್ಟ. ಕೊಂಡ ಬೆಲೆ ಒಂದು ಸಲದ್ದು. ಏರಿಸುವುದು, ನಡುವೆ ರಿಪೇರಿ, ಇಳಿಸುವುದು, ಸಾಗಿಸುವುದು, ಇಡುವುದು, ಇವು ಪ್ರತಿ ವರ್ಷ. ಐದು ವರ್ಷದ ಒಟ್ಟು ಖರ್ಚನ್ನು ಒಂದೇ ಹಾಳೆಯಲ್ಲಿ ಬರೆದು ಬಾಡಿಗೆಯ ಕೊಟೇಶನ್ ಪಕ್ಕ ಇಡಿ, ಮಾತು ಬಿಟ್ಟ ಇಬ್ಬರನ್ನೂ ಕೂರಿಸಿ ತೋರಿಸಿ. ಬಾಡಿಗೆಯಲ್ಲಿ ಏರಿಸಿ ಇಳಿಸುವುದು, ಕೆಟ್ಟದ್ದನ್ನು ಬದಲಿಸುವುದು ಸೇರಿದೆಯಾ ಅಂತ ಬಾಯಲ್ಲಿ ಕೇಳಬೇಡಿ, ಕಾಗದದಲ್ಲಿ ನೋಡಿ.

ಕೊಂಡಿದ್ದೇ ಆದರೆ ಇಳಿಸುವ ದಿನ ನೀವು ಅಲ್ಲಿರಬೇಕು. ಕೂಲಿಯವರು ಅವಸರದಲ್ಲಿ ಸೀರಿಯಲ್ ಸೆಟ್ಟುಗಳನ್ನು ಎಳೆದು ಗೋಣಿಚೀಲಕ್ಕೆ ತುರುಕುತ್ತಾರೆ. ಮುಂದಿನ ವರ್ಷ ಚೀಲ ಬಿಚ್ಚಿದರೆ ಗುಬ್ಬಚ್ಚಿ ಗೂಡು. ಅದನ್ನು ಬಿಡಿಸೋಕೆ ಕೊಡುವ ಕೂಲಿಯಲ್ಲಿ ಹೊಸ ಸೆಟ್ಟು ಬರುತ್ತದೆ. ನಾವು ರಟ್ಟಿನ ತುಂಡಿಗೆ ಒಂದೊಂದು ಸೆಟ್ಟು ಸುತ್ತಿ, ತುದಿಯ ಪಿನ್ನು ಹೊರಗೆ ಕಾಣುವ ಹಾಗೆ ಬಿಟ್ಟು, ರಟ್ಟಿನ ಮೇಲೆ ಕಂಬದ ನಂಬರ್ ಬರೆಯುತ್ತಿದ್ದೆವು. ಕೆಟ್ಟದ್ದಕ್ಕೆ ಅವತ್ತೇ ಕೆಂಪು ದಾರ. ಅಷ್ಟು ಮಾಡಿದರೆ ಸಾಕು.

ಖಜಾಂಚಿಗಳಿಗೆ ಇನ್ನೊಂದು. ಈ ಸಾಮಾನನ್ನು ಆಸ್ತಿ ಅಂತ ಪುಸ್ತಕದಲ್ಲಿ ಪೂರ್ತಿ ಬೆಲೆಗೆ ತೋರಿಸಿಕೊಂಡು ಹೋಗಬೇಡಿ. ಅಮೆರಿಕದ ಪಾಟಕೆಟ್ ನಗರದ ಅಲಂಕಾರದ ಮೇಲೆ ಕೇಸು ನಡೆದಾಗ ಅದರಲ್ಲಿದ್ದ ಬೊಂಬೆಗಳ ಲೆಕ್ಕ ಕೋರ್ಟಿನಲ್ಲೇ ದಾಖಲಾಯಿತು. 1973ರಲ್ಲಿ ಕೊಂಡದ್ದು 1365 ಡಾಲರಿಗೆ, ಕೇಸಿನ ಹೊತ್ತಿಗೆ ಬೆಲೆ 200 ಡಾಲರ್.

ಪ್ರಶ್ನೆ (ಔಷಧಿ ಅಂಗಡಿ): ಅದು ಯಾವ ಕೇಸು? ನಗರಸಭೆ ದುಡ್ಡು ಕೊಡುತ್ತೇವೆ ಅಂದರೆ ತೆಗೆದುಕೊಳ್ಳೋದು ತಪ್ಪಾ?

ಉತ್ತರ: ತಪ್ಪಿಲ್ಲ, ಆದರೆ ಸಾರ್ವಜನಿಕರ ದುಡ್ಡು ಬಂದ ಕೂಡಲೇ "ಇದು ಯಾರ ಹಬ್ಬ" ಅನ್ನುವ ಪ್ರಶ್ನೆಯೂ ಜೊತೆಗೇ ಬರುತ್ತದೆ. ಪಾಟಕೆಟ್‌ನಲ್ಲಿ ನಗರಸಭೆ ಮತ್ತು ಪೇಟೆಯ ವರ್ತಕರ ಸಂಘ ಸೇರಿ ಪ್ರತಿ ವರ್ಷ ಅಲಂಕಾರ ಮಾಡುತ್ತಿದ್ದವು. ಸಾಂಟಾ ಮನೆ, ಮರ, ಬಣ್ಣದ ದೀಪ, ಅದರ ಮಧ್ಯೆ ಯೇಸು ಹುಟ್ಟಿದ ಗೋದಲಿ. ಗೋದಲಿಗೆ ನಗರಸಭೆಯ ದುಡ್ಡು ಯಾಕೆ ಅಂತ ಕೇಸು ಬಿತ್ತು. 1984ರಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಅದು ನಡೆಯುತ್ತದೆ ಅಂದಿತು. ಐದೇ ವರ್ಷಕ್ಕೆ, 1989ರಲ್ಲಿ, ಪಿಟ್ಸ್‌ಬರ್ಗ್ ಕೇಸಿನಲ್ಲಿ ನ್ಯಾಯಾಲಯದ ಕಟ್ಟಡದ ಮೆಟ್ಟಿಲ ಮೇಲೆ ಒಂಟಿಯಾಗಿ ಇಟ್ಟಿದ್ದ ಗೋದಲಿ ನಡೆಯಲ್ಲ ಅಂತ ಅದೇ ಕೋರ್ಟು ಹೇಳಿತು. ಸುತ್ತ ಏನಿದೆ ಅನ್ನುವುದರ ಮೇಲೆ ತೀರ್ಪು ಆ ಕಡೆ ಈ ಕಡೆ ಆಯಿತು. ಅದು ಆ ದೇಶದ ಕಾನೂನು, ನಿಮ್ಮಲ್ಲಿ ಬೇರೆ ಇರಬಹುದು. ನನ್ನ ಅಭ್ಯಾಸ ಹೀಗೆ: ನಗರಸಭೆಯ ದುಡ್ಡು ದೀಪಕ್ಕೆ, ಕಂಬಕ್ಕೆ, ಕರೆಂಟಿಗೆ. ಧರ್ಮದ ಗುರುತು ಇರುವ ವಸ್ತು ಏನಿದ್ದರೂ ಇಷ್ಟಪಟ್ಟು ಕೊಡುವವರ ದುಡ್ಡಲ್ಲಿ, ಬೇರೆ ರಸೀದಿಯಲ್ಲಿ.

ನಿಜ ಹೇಳಬೇಕು ಅಂದರೆ ನಗರಸಭೆಯಿಂದ ನಾನು ದುಡ್ಡನ್ನೇ ಜಾಸ್ತಿ ಕೇಳುತ್ತಿರಲಿಲ್ಲ. ಕಂಬ ಬಳಸೋಕೆ ಅನುಮತಿ, ಆ ಕಂಬ ಗಾಳಿಯಲ್ಲಿ ಇಷ್ಟು ಭಾರ ತಾಳುತ್ತದೆ ಅಂತ ಅವರ ಎಂಜಿನಿಯರ್ ಸಹಿ, ಏಣಿ ಗಾಡಿ ಮೂರು ರಾತ್ರಿ, ಬೀದಿ ದೀಪದ ಲೈನಿನಿಂದ ಕರೆಂಟು. ಇವು ಅವರಿಗೆ ಕೊಡೋಕೆ ಸುಲಭ, ನಮಗೆ ಕೊಂಡುಕೊಳ್ಳೋಕೆ ದುಬಾರಿ. ದುಡ್ಡೇ ಬೇಕು ಅಂದರೆ ಅವರ ಬಜೆಟ್ ತಯಾರಾಗುವ ತಿಂಗಳು ಯಾವುದು ಅಂತ ತಿಳಿದುಕೊಂಡು ಅದಕ್ಕೂ ಮೊದಲೇ ಅರ್ಜಿ ಹಾಕಿ. ಹಬ್ಬದ ಹಿಂದಿನ ತಿಂಗಳು ಹೋಗುವುದು ಯುದ್ಧಕಾಲೇ ಶಸ್ತ್ರಾಭ್ಯಾಸ.

ಪ್ರಶ್ನೆ (ಎಲೆಕ್ಟ್ರಿಕಲ್ ಅಂಗಡಿ): ಹಳೇ ಬಲ್ಬುಗಳು ಇನ್ನೂ ಉರಿಯುತ್ತಿವೆ. ಎಲ್‌ಇಡಿಗೆ ಬದಲಿಸೋ ಖರ್ಚು ಯಾಕೆ ಅಂತ ಸಭೆಯಲ್ಲಿ ಕೇಳುತ್ತಾರೆ.

ಉತ್ತರ: ನಿಮಗೆ ಗೊತ್ತಿರುವ ಲೆಕ್ಕವನ್ನೇ ಸಭೆಗೆ ಹೇಳಿ. 7 ವ್ಯಾಟಿನ ಹಳೇ ಬಲ್ಬು 100 ಇದ್ದರೆ 700 ವ್ಯಾಟ್. ದಿನಕ್ಕೆ 6 ಗಂಟೆ, 40 ದಿನ, ಒಟ್ಟು 168 ಯೂನಿಟ್. ಎಲ್‌ಇಡಿ ಒಂದೊಂದು 1 ವ್ಯಾಟ್ ಅಂತ ಧಾರಾಳವಾಗಿ ಹಿಡಿದರೂ 24 ಯೂನಿಟ್. ರಾಕ್‌ಫೆಲ್ಲರ್ ಮರಕ್ಕೆ 2007ರಲ್ಲಿ ಎಲ್‌ಇಡಿ ಹಾಕಿದಾಗ ದಿನಕ್ಕೆ 3510 ಯೂನಿಟ್ ಇದ್ದದ್ದು 1297ಕ್ಕೆ ಇಳಿಯಿತು. ಆದರೆ ನನ್ನ ಕಣ್ಣಲ್ಲಿ ಕರೆಂಟ್ ಬಿಲ್ಲಿಗಿಂತ ದೊಡ್ಡ ಉಳಿತಾಯ ಬೇರೆ. ಒಂದು ಬಲ್ಬು ಬದಲಿಸೋಕೆ ಏಣಿ ಗಾಡಿ ಕರೆಸುವ ರಾತ್ರಿಗಳು ಕಡಿಮೆಯಾಗುತ್ತವೆ.

ಪ್ರಶ್ನೆ (ಚಪ್ಪಲಿ ಅಂಗಡಿ): ಇಷ್ಟೆಲ್ಲ ಮಾಡಿದರೆ ವ್ಯಾಪಾರ ಜಾಸ್ತಿ ಆಗುತ್ತದಾ? ನೇರವಾಗಿ ಹೇಳಿ ಮೇಡಂ.

ಉತ್ತರ: ದೀಪದಿಂದಲೇ ಇಷ್ಟು ಜಾಸ್ತಿ ಆಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸೀಸನ್ನಿನಲ್ಲಿ ಹೇಗೂ ಜನ ಬರುತ್ತಾರೆ. ನಾವು ಮಾಡುತ್ತಿದ್ದದ್ದು ಇಷ್ಟೇ: ಐದಾರು ಅಂಗಡಿಯವರಿಂದ ಸಂಜೆ ಆರರ ನಂತರ ಎಷ್ಟು ಬಿಲ್ಲು ಹರಿದರು ಅಂತ ಸಂಖ್ಯೆ ಮಾತ್ರ ತೆಗೆದುಕೊಳ್ಳುತ್ತಿದ್ದೆವು. ವ್ಯಾಪಾರ ಎಷ್ಟಾಯಿತು ಅಂತ ಕೇಳಿದರೆ ಯಾರೂ ನಿಜ ಹೇಳಲ್ಲ, ಬಿಲ್ಲಿನ ಸಂಖ್ಯೆ ಹೇಳುತ್ತಾರೆ. ದೀಪ ಹತ್ತುವ ಹಿಂದಿನ ವಾರ, ಮುಂದಿನ ವಾರ, ಎರಡನ್ನೂ ಹೋಲಿಸಿ ನೋಡುತ್ತಿದ್ದೆವು. ಕೆಲವು ವರ್ಷ ಏರಿತು, ಮಳೆ ಬಂದ ವರ್ಷ ಏರಲಿಲ್ಲ.

ಮನಸ್ಸು ಹೋದರೆ ಏನಾಗುತ್ತದೆ ಅನ್ನೋದಕ್ಕೆ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್ ನೋಡಿ. 1959ರಲ್ಲಿ ಅಲ್ಲಿ ಕ್ರಿಸ್‌ಮಸ್ ದೀಪ ಶುರುವಾಯಿತು. ವ್ಯಾಪಾರ ಮಂಕಾಗಿ, ಆಸಕ್ತಿಯೂ ಕಡಿಮೆಯಾಗಿ 1967ರಲ್ಲಿ ನಿಂತಿತು. ಮತ್ತೆ ಹತ್ತಿದ್ದು 1978ರಲ್ಲಿ. ಅಷ್ಟು ದೊಡ್ಡ ಪೇಟೆಗೇ ಹತ್ತು ವರ್ಷದ ಮೇಲೆ ಬೇಕಾಯಿತು.

ಪ್ರಶ್ನೆ (ಹೊಸ ಖಜಾಂಚಿ, ಮತ್ತೆ): ಮೇಡಂ, ಟೇಪು, ಕರಾರು ಎಲ್ಲ ಮುಂದಿನ ವರ್ಷಕ್ಕೆ ಸರಿ. ಈ ವರ್ಷ ಎರಡೇ ತಿಂಗಳು ಇದೆ, ಕೈಯಲ್ಲಿ ಇರುವುದು ಕಳೆದ ವರ್ಷದ ಅರ್ಧ ದುಡ್ಡು. ಏನು ಮಾಡಲಿ?

ಉತ್ತರ: ಇಡೀ ಬೀದಿಗೆ ತೆಳ್ಳಗೆ ಹರಡಬೇಡಿ. ಸರ್ಕಲ್ ಮತ್ತು ಅದರ ಎರಡೂ ಕಡೆಯ ನಾಲ್ಕು ನಾಲ್ಕು ಕಂಬ, ಅಷ್ಟನ್ನೇ ಚೆನ್ನಾಗಿ ಮಾಡಿ. ಉಳಿದ ಅಂಗಡಿಯವರಿಗೆ ಒಂದೇ ಬಣ್ಣ ಹೇಳಿ, ಅವರವರ ಬಾಗಿಲಿಗೆ ಅವರೇ ಸೀರಿಯಲ್ ಸೆಟ್ಟು ಹಾಕಿಕೊಳ್ಳಲಿ. ಇರುವ ದುಡ್ಡಿನಲ್ಲಿ ಹತ್ತನೇ ಒಂದು ಭಾಗ ರಿಪೇರಿಗೆ ಎತ್ತಿಡಿ. ಇಳಿಸುವ ಕೂಲಿಯನ್ನು ಈಗಲೇ ಬೇರೆ ಲಕೋಟೆಗೆ ಹಾಕಿ ಬೀರುವಿನಲ್ಲಿಡಿ, ಅಧ್ಯಕ್ಷರು ಕೇಳಿದರೂ ಕೊಡಬೇಡಿ. ಒಂದು ವರ್ಷ ನಮ್ಮಲ್ಲಿ ಆ ದುಡ್ಡು ಉದ್ಘಾಟನೆಯ ಸ್ಟೇಜಿಗೆ ಹೋಯಿತು. ಎರಡು ತಿಂಗಳು ಕಮಾನು ಹಾಗೇ ನಿಂತಿತ್ತು, ಅದರ ಮೇಲೆ ಕಾಗೆ ಗೂಡು ಕಟ್ಟಿತು, ಆಮೇಲೆ ಮರಿ ಹಾರುವ ತನಕ ಇಳಿಸಬೇಡಿ ಅಂತ ನಮ್ಮ ಅಂಗಡಿಯವರೇ ತಕರಾರು ತೆಗೆದರು.